ಸಾಯಬಮ್ಮ ಹೋಗುತ್ತಿದ್ದ ಖಾನಾವಳಿ

ಉಮಾಗೆ ಹದಿನೆಂಟು ತುಂಬಿದ ವಾರವೇ ಅವಳ ತಾಯಿ ಸಾಯಬಮ್ಮ ಸುರಪುರದ ವಕೀಲ ಮರಿಲಿಂಗಪ್ಪನ ಎದುರು ಕುಳಿತಿದ್ದಳು. ಗಂಡ ಬಿಟ್ಟುಹೋದ ಮೇಲೆ ಹನ್ನೆರಡು ವರ್ಷ ಮೈ ಮಾರಿಯೇ ಮಗಳನ್ನು ಬೆಳೆಸಿದ್ದಳು. ರಂಗಂಪೇಟೆಯ ಮನೆಯಲ್ಲಿ ಮಾತ್ರ, ಶಹಾಪುರದ ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತೇನೆ ಎಂದಿದ್ದಳು. ಈಗ ಅದೇ ಕಸುಬಿನ ಗೆಳತಿ ಮಲ್ಲಿಕಮ್ಮನನ್ನು ಬಿಟ್ಟು ಅವಳ ಮಗನನ್ನು ಪೊಲೀಸರು ಒಯ್ದಿದ್ದರು. ಸಾಯಬಮ್ಮನಿಗೆ ಇದರ ತಲೆಬುಡ ತಿಳಿದಿರಲಿಲ್ಲ.

"ನಿನ್ನಷ್ಟಕ್ಕ ನೀ ಮಾಡೋದು ಗುನ್ಹೇ ಅಲ್ಲ," ಎಂದ ಮರಿಲಿಂಗಪ್ಪ. "ಹದಿನೆಂಟು ದಾಟಿದವರು ಆ ಗಳಿಕಿ ಮ್ಯಾಲ ಬದುಕಿದ್ರ, ಅದು ಗುನ್ಹೇ."

"ಹೋದ ವಾರ ನನ್ನ ಮಗಳು ಉಂಡಿದ್ದು?"

"ಅದು ಊಟ."

"ಈ ವಾರದ್ದು?"

"ಎರಡು ವರ್ಷದ ತನಕ ಜೇಲು."

"ಈ ಕಾಯ್ದೆ ಬರದಾಂವಗ ಅವರವ್ವ ಉಣಿಸಿರ್ಲಿಲ್ಲೇನ್ರಿ?"

ಯಾವ ನ್ಯಾಯಾಧೀಶರೂ ಕೇಳದ ಪ್ರಶ್ನೆ. ಮರಿಲಿಂಗಪ್ಪ ಚಷ್ಮಾ ಒರೆಸಿಕೊಂಡ. "ಒಂದು ದಾರಿ ಐತಿ. ಗಳಿಕಿ ಎಂಥಾದ್ದು ಅಂತ ಗೊತ್ತಿದ್ದೂ ಬದುಕಿದ್ರ ಗುನ್ಹೇ ಅಂತೈತಿ ಕಾಯ್ದೆ. ಆಕಿಗೆ ಗೊತ್ತೈತೇನು?"

"ದೇವರಾಣಿ ಇಲ್ರಿ!"

"ಹಂಗ ಇರ್ಲಿ. ಗೊತ್ತಿದ್ರ ಮಾತ್ರ ತಿಂಥಣಿಗೆ ನಿಮ್ಮಕ್ಕನ ಮನಿಗೆ ಕಳಸಿಬಿಡು."

ಮಗಳನ್ನು ಬಿಟ್ಟು ಒಂದು ದಿನವೂ ಇದ್ದವಳಲ್ಲ ಸಾಯಬಮ್ಮ. ಮನೆಗೆ ಬಂದಾಗ ಉಮಾ, ತಾಯಿ ಬೆಳಿಗ್ಗೆ ಬಡಿದಿಟ್ಟ ರೊಟ್ಟಿಗೆ ಪುಂಡಿಪಲ್ಯೆ ಹಚ್ಚಿಕೊಂಡು ಉಣ್ಣುತ್ತಿದ್ದಳು.

"ಉಮಾ, ನಾ ಏನ್ ಕೆಲಸ ಮಾಡ್ತೀನಿ, ಹೇಳು?"

"ಖಾನಾವಳ್ಯಾಗ ರೊಟ್ಟಿ ಬಡೀತಿ."

ಸಾಯಬಮ್ಮನ ಜೀವ ಹಗುರಾಯಿತು. ಉಮಾ ಮಾತ್ರ ಕೈಯಲ್ಲಿದ್ದ ರೊಟ್ಟಿಯನ್ನು ಎತ್ತಿ ಹಿಡಿದಳು: ಒಂದು ಅಂಚು ಕರಕಲು, ಇನ್ನೊಂದು ಹಸಿ, ನಡುವೆ ತೂತು.

"ಯವ್ವಾ, ಇಂಥಾ ರೊಟ್ಟಿ ನೋಡಿ ಯಾವ ಖಾನಾವಳ್ಯಾಂವ ನಿನಗ ಕೆಲಸ ಕೊಟ್ಟಾನು? ಸಾಲ್ಯಾಗ ಆರನೇತ್ತ ಇದ್ದಾಗಿಂದ ಗೊತ್ತೈತಿ ನನಗ."

"ಹಂಗನಬ್ಯಾಡ!" ಸಾಯಬಮ್ಮ ಹೋಗಿ ಬಾಗಿಲು ಮುಂದೆ ಮಾಡಿದಳು. "ಗೊತ್ತಿದ್ರ ನಿನಗ ಜೇಲಂತ. ಗೊತ್ತಿಲ್ದಿದ್ರ ನನ್ನ ಕೂಡನ ಇರಬಹುದಂತ. ವಕೀಲರು ಹೇಳ್ಯಾರ."

ಉಮಾ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು.

"ಹಂಗಾರ ಗೊತ್ತಿಲ್ಲ."

ಹನ್ನೆರಡು ವರ್ಷ ಮಗಳಿಂದ ಬಚ್ಚಿಟ್ಟದ್ದನ್ನು ಇನ್ನು ಮಗಳ ಜೊತೆ ಕೂಡಿ ಸರಕಾರದಿಂದ ಬಚ್ಚಿಡಬೇಕಿತ್ತು. ಸಾಯಬಮ್ಮ ಮಗಳ ತಾಟಿಗೆ ಇನ್ನಷ್ಟು ಪಲ್ಯೆ ಬಡಿಸಿದಳು.

"ನನ್ ಮ್ಯಾಲ ಸಿಟ್ಟೈತೇನು?"

"ಗೊತ್ತಿಲ್ದಾಕಿ ಹೆಂಗವ್ವ ಸಿಟ್ಟಾಗಬೇಕು?" ಎಂದಳು ಉಮಾ, ತಲೆಯೆತ್ತದೆ.

ಸಾಯಬಮ್ಮ ತನಗೂ ಒಂದು ತಾಟು ತಂದು ಎದುರಿಗೆ ಕುಳಿತಳು.