ಹಗ್ಗದ ತನಕ

ನಮ್ಮಲ್ಲಿ ಉಳಿದಿದ್ದ ಹುಡುಗಿಯ ಬೂಟಿನ ಅಡಿಯ ಗೀರುಗಳಲ್ಲಿ ಸೇರಿಕೊಂಡಿದ್ದ ಕೆಸರನ್ನು ಪೊರಕೆಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದೆ. ಎಡಗಾಲಿನದು ಮುಗಿದಿತ್ತು. ಬಲಗಾಲಿನದರಲ್ಲಿ ಒಂದು ಸಣ್ಣ ಬಿಳಿ ಕಲ್ಲು ಸಿಕ್ಕಿಕೊಂಡಿತ್ತು. ಈ ಊರಿನ ಕಲ್ಲು ಕಪ್ಪು. ಇದು ಯಾವುದೋ ಊರಿಂದ ಅವಳ ಕಾಲಡಿಯಲ್ಲೇ ಬಂದಿತ್ತು. ತೆಗೆಯಬೇಕೋ ಬೇಡವೋ ತಿಳಿಯದೆ ಹಾಗೇ ಬಿಟ್ಟೆ. ಪಕ್ಕದಲ್ಲಿ ಚಿಕ್ಕಮ್ಮ ಅವಳ ಬಟ್ಟೆಗಳನ್ನು ಮಡಚಿ ದೊಡ್ಡ ಹಸಿರು ಚೀಲಕ್ಕೆ ತುಂಬುತ್ತಿದ್ದಳು. ಬಟ್ಟೆ ಇನ್ನೂ ಹಸಿಯಾಗಿತ್ತು, ಒಣಗಿಸಲು ಬಿಸಿಲಿರಲಿಲ್ಲ.

ಅವಳ ತಾಯಿ ಮಧ್ಯಾಹ್ನದ ರೈಲಿಗೆ ಬರುವವರಿದ್ದರು. ಮಗಳ ದೇಹ ಹಿಂದಿನ ದಿನ, ಸೇತುವೆಯ ಕಂಬದ ಹತ್ತಿರ ಸಿಕ್ಕಿತ್ತು.

ನಮ್ಮದು ನದಿಯ ಮೆಟ್ಟಿಲುಗಳಿಗೆ ಅಂಟಿಕೊಂಡೇ ಇರುವ ಎಂಟು ಕೋಣೆಯ ವಸತಿಗೃಹ. ನಡೆಸುವುದು ಚಿಕ್ಕಮ್ಮ. ಚಿಕ್ಕಪ್ಪ ದೋಣಿ ನಡೆಸುತ್ತಾನೆ. ನಾನು ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಇವರ ಮನೆಗೆ ಬಂದವಳು. ಎದ್ದು ನಿಂತು ಓದು ಅಂದರೆ ನನಗೆ ಗಂಟಲು ಕಟ್ಟುತ್ತಿತ್ತು. ಇಲ್ಲಿ ಯಾರೂ ಓದು ಅನ್ನುವುದಿಲ್ಲ. ಕಸ ಗುಡಿಸುವುದಕ್ಕೆ, ಹಾಸಿಗೆ ಹಾಸುವುದಕ್ಕೆ, ಹೊದಿಕೆ ಒಗೆಯುವುದಕ್ಕೆ ದನಿ ಬೇಕಾಗಿಲ್ಲ.

ಬೇಸಿಗೆಯಲ್ಲಿ ನದಿಗೆ ಇಳಿಯಲು ಎಪ್ಪತ್ತೆರಡು ಮೆಟ್ಟಿಲು. ಮಳೆಗಾಲದಲ್ಲಿ ನದಿ ಒಂದೊಂದನ್ನೇ ನುಂಗುತ್ತ ಮೇಲೆ ಬರುತ್ತದೆ. ಈ ಸಲ ಹದಿನಾಲ್ಕು ಉಳಿದಿದ್ದವು. ಪುಣ್ಯನದಿ ಅಂತ ಜನ ಮಳೆಗಾಲದಲ್ಲೂ ಬರುತ್ತಾರೆ. ಮುಳುಗು ಹಾಕುವ ಹಾಗಿಲ್ಲ, ಕಾಲಾದರೂ ತೊಳೆದುಕೊಂಡು ಹೋಗುತ್ತೇವೆ ಅನ್ನುತ್ತಾರೆ. ಕೆಂಪು ನೀರಿನ ಕೆಳಗೆ ಮೆಟ್ಟಿಲು ಕಾಣುವುದಿಲ್ಲ. ಕೆಲವು ಕಡೆ ಕಲ್ಲೇ ಕಿತ್ತುಹೋಗಿದೆ. ಅದಕ್ಕೇ ಚಿಕ್ಕಪ್ಪ ಒಂದು ಹಗ್ಗ ಕಟ್ಟುತ್ತಾನೆ. ನಮ್ಮ ಗೋಡೆಯಲ್ಲಿರುವ ಕಬ್ಬಿಣದ ಬಳೆಯಿಂದ ಆ ಕಡೆಯ ಕಲ್ಲುಕಂಬದ ತನಕ, ನೀರು ತಾಕುವುದಕ್ಕೆ ಮೊದಲಿನ ಮೆಟ್ಟಿಲ ಮೇಲೆ, ಎದೆಯೆತ್ತರಕ್ಕೆ. ನೀರು ಏರಿದ ಹಾಗೆ ಹಗ್ಗವೂ ಮೇಲಿನ ಬಳೆಗೆ ಏರುತ್ತದೆ. ಅದನ್ನು ಹಿಡಿದುಕೊಂಡು ಒಂದು ಕಾಲು ನೀರಿಗೆ ಇಟ್ಟು ತೊಳೆದುಕೊಳ್ಳಬಹುದು, ಅಷ್ಟೇ.

ಆ ಹಗ್ಗದ ಮೇಲೆ ಹೊದಿಕೆ ಒಣಗಿಸುವ ಯೋಚನೆ ಚಿಕ್ಕಮ್ಮನದು. "ಎಂಟು ಕೋಣೆಯ ಹೊದಿಕೆ ನನ್ನ ತಲೆ ಮೇಲೆ ಹರವಿಕೊಳ್ಳಲಾ? ನಿಮ್ಮ ಹಗ್ಗ ಸುಮ್ನೆ ಗಾಳಿ ತಿಂತಾ ಕೂತಿರುತ್ತಲ್ಲ," ಅಂದಿದ್ದಳು. ಚಿಕ್ಕಪ್ಪ ಗೊಣಗಿದ. ಮಳೆಗಾಲದಲ್ಲಿ ದೋಣಿ ಇಳಿಸುವ ಹಾಗಿಲ್ಲ, ಮನೆಯಲ್ಲೇ ಕೂತಿರುವ ಗಂಡಸಿನ ಮಾತಿಗೆ ಬೆಲೆ ಎಷ್ಟು? ಮಳೆ ನಿಂತ ಒಂದು ಗಳಿಗೆಯಲ್ಲಿ ನಾನು ಹೊದಿಕೆ ಮಡಚಿ ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸುತ್ತಿದ್ದೆ. ಹನಿ ಬಿದ್ದರೆ ಒಂದೊಂದೇ ತೆಗೆಯುತ್ತ ಕೂರುವುದಕ್ಕೆ ಆಗುವುದಿಲ್ಲ. ಬಳೆಯ ಕಡೆಯ ಗಂಟು ಬಿಚ್ಚಿ, ಕ್ಲಿಪ್ಪು ಕಿತ್ತು ಬಾಯಲ್ಲಿ ಕಚ್ಚಿಕೊಂಡು, ಹೊದಿಕೆಗಳನ್ನೆಲ್ಲ ಒಂದೇ ಸಲ ಹಗ್ಗದಿಂದ ಜಾರಿಸಿ ಅಪ್ಪಿಕೊಂಡು ಓಡಬೇಕು. ಒಳಗೆ ಹಾಕಿದ ಕೂಡಲೇ ವಾಪಸ್ ಬಂದು ಹಗ್ಗ ಕಟ್ಟಬೇಕು. ಮೂರು ವರ್ಷದಿಂದ ಹಾಗೇ ಮಾಡಿದ್ದೇವೆ.

ಅವಳು ಬಂದದ್ದು ಹನ್ನೆರಡು ದಿನದ ಹಿಂದೆ. ಬೆನ್ನ ಮೇಲಿನ ಹಸಿರು ಚೀಲ ಅವಳ ತಲೆಗಿಂತ ಎತ್ತರಕ್ಕಿತ್ತು. ಬಾಗಿಲಲ್ಲಿ ಸಿಕ್ಕಿಕೊಂಡು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಬರಲಾರದೆ ನಿಂತಳು.

"ಅಯ್ಯೋ, ಆಮೆ ಬಂತಲ್ಲಪ್ಪ ಮನೆಗೆ," ಅಂದಳು ಚಿಕ್ಕಮ್ಮ, ಕೇಳಿಸಲಾರದು ಅಂದುಕೊಂಡು.

"ಆಮೆಗೆ ಒಂದು ಕೋಣೆ ಸಿಗುತ್ತಾ?" ಅಂದಳು ಅವಳು.

ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಇಬ್ಬರೂ ಎಷ್ಟು ನಕ್ಕರು ಅಂದರೆ ಮೇಲಿನ ಕೋಣೆಯ ಮುದುಕರು ಇಣುಕಿ ನೋಡಿದರು. ಅಂದಿನಿಂದ ನಮಗೆಲ್ಲ ಅವಳು ಆಮೆಯೇ. ಮೂರು ತಿಂಗಳಿಂದ ಒಬ್ಬಳೇ ಊರೂರು ಸುತ್ತುತ್ತಿದ್ದಳು. ನದಿಯ ಜೊತೆಗೇ ಮೇಲಿನ ಊರುಗಳಿಗೆ ನಡೆದು ಹೋಗಬೇಕು ಅಂತಿದ್ದಳು. ಗುಡ್ಡ ಕುಸಿದು ದಾರಿ ಮುಚ್ಚಿತ್ತು, ಎರಡು ದಿನಕ್ಕೆ ಅಂತ ಬಂದವಳು ಇಲ್ಲೇ ಉಳಿದಳು.

ಅವಳು ನನ್ನ ಹೆಸರು ಕೇಳಿದಳು. ಹೇಳಿದೆ. ಕೇಳಿಸಲಿಲ್ಲ. ಮತ್ತೆ ಹೇಳಿದೆ. ಮೂರನೇ ಸಲಕ್ಕೂ ಕೇಳಿಸದೆ ಹೋದಾಗ, "ಸರಿ ಬಿಡು, ನೀನು ಪಿಸುಮಾತು," ಅಂದಳು. ನನಗೆ ಬೇಜಾರಾಗಲಿಲ್ಲ. ಯಾರೂ ನನಗೆ ಅಂತ ಹೆಸರು ಹುಡುಕಿರಲಿಲ್ಲ.

ಮೆಟ್ಟಿಲು ತೋರಿಸಲು ಅವಳನ್ನು ಕರೆದುಕೊಂಡು ಹೋದವಳೂ ನಾನೇ. "ಹಗ್ಗದ ತನಕ ಮಾತ್ರ. ಹಗ್ಗ ಹಿಡ್ಕೊಂಡೇ ಕಾಲು ಇಡಬೇಕು," ಅಂದೆ. ನಾನು ಅವಳಿಗೆ ಹೇಳಿದ ಅತಿ ಉದ್ದದ ಮಾತು ಅದೇ. ಅವಳು ಎರಡೂ ಕೈಯಲ್ಲಿ ಹಗ್ಗ ಹಿಡಿದು ಒಂದು ಕಾಲನ್ನು ನೀರಲ್ಲಿ ಅದ್ದಿ, "ಹೀಗಾ ಪಿಸುಮಾತು?" ಅಂದಳು. ದಿನಾ ಊರು ಸುತ್ತಿ ಬಂದು, ಬೂಟು ಮೇಲಿನ ಮೆಟ್ಟಿಲಲ್ಲಿ ಬಿಚ್ಚಿಟ್ಟು, ಅಲ್ಲೇ ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದಳು. ಹೊದಿಕೆ ಒಣಗಿಸಿದ್ದರೆ ಅದನ್ನು ಪಕ್ಕಕ್ಕೆ ಸರಿಸಿ ಹಗ್ಗ ಹಿಡಿಯುತ್ತಿದ್ದಳು.

ಮೂರು ದಿನದ ಹಿಂದೆ, ಸಂಜೆಗೆ ಮುಂಚೆ ಮಳೆ ಒಮ್ಮೆಲೇ ಬಂತು. ನಾನು ಗಂಟು ಬಿಚ್ಚಿದೆ, ಹೊದಿಕೆ ಬಾಚಿಕೊಂಡೆ, ಓಡಿದೆ. ಹಗ್ಗ ಕಟ್ಟಲು ತಿರುಗುವಷ್ಟರಲ್ಲಿ ಮೇಲಿಂದ ಚಿಕ್ಕಮ್ಮ ಕೂಗಿದಳು: "ಮುದುಕರ ಹಾಸಿಗೆ ಮೇಲೆ ಸೋರ್ತಿದೆ, ಬಕೆಟ್ ತಗೊಂಡು ಬಾರೇ!" ಹೋದೆ. ಒಂದು ಬಕೆಟ್ ಸಾಲಲಿಲ್ಲ. ಇನ್ನೊಂದು ತಂದೆ. ಮಂಚ ಎಳೆದೆವು. ಬಾಯಲ್ಲಿ ಕ್ಲಿಪ್ಪುಗಳು ಇನ್ನೂ ಹಾಗೇ ಇದ್ದವು. ತುಂಬಿದ ಬಕೆಟ್ಟನ್ನು ಕಿಟಕಿಯಿಂದ ಹೊರಗೆ ಸುರಿಯಲು ಹೋದಾಗ ಅವಳು ಕಂಡಳು.

ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಅಷ್ಟು ಹೊತ್ತಿಗೆ ನದಿ ಒಂದು ಮೆಟ್ಟಿಲು ಏರಿ ಹಗ್ಗದ ಮೆಟ್ಟಿಲನ್ನೂ ಮುಚ್ಚಿತ್ತು. ಬಲಗೈ ಚಾಚಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದಳು, ಕತ್ತಲ ಕೋಣೆಯಲ್ಲಿ ಗೋಡೆ ಹುಡುಕುವ ಹಾಗೆ. ಹಗ್ಗದ ಒಂದು ತುದಿ ಕಂಬಕ್ಕೆ ಕಟ್ಟಿದ್ದದ್ದು ಕಟ್ಟಿದ ಹಾಗೇ ಇತ್ತು, ಉಳಿದದ್ದು ನೀರಿನಲ್ಲಿ ಬಿದ್ದು ಹರಿವಿಗೆ ಅಲ್ಲಾಡುತ್ತಿತ್ತು. ಅದು ಅವಳಿಗೆ ಕಾಣಿಸಿತು. ಬಗ್ಗಿದಳು. ಹಿಡಿದುಕೊಳ್ಳಲೋ, ಎತ್ತಿ ಕಟ್ಟಲೋ, ನನಗೆ ಗೊತ್ತಿಲ್ಲ. ಒಂದು ಹೆಜ್ಜೆ ಕೆಳಗೆ ಇಟ್ಟಳು.

ನಾನು ಬಾಯಿ ತೆರೆದೆ. ಕ್ಲಿಪ್ಪುಗಳು ಕಿಟಕಿಯ ಕಟ್ಟೆಗೆ ಬಡಿದು ಕೆಳಗೆ ಉದುರಿದವು. ದನಿ ಬರಲಿಲ್ಲ. ಕಣ್ಣೆತ್ತಿದಾಗ ಮೇಲಿನ ಮೆಟ್ಟಿಲಲ್ಲಿ ಬೂಟು ಮಾತ್ರ ಇತ್ತು.

ಚಿಕ್ಕಪ್ಪ ಓಡಿದ, ನಾಲ್ಕು ದೋಣಿಯವರು ಓಡಿದರು. ದೋಣಿ ಇಳಿಸಬಾರದು ಅನ್ನುವ ಆಜ್ಞೆ ಯಾರಿಗೂ ನೆನಪಾಗಲಿಲ್ಲ. ಕತ್ತಲಾಗುವ ತನಕ ಹುಡುಕಿದರು. ಚಿಕ್ಕಪ್ಪ ಬರಿಗೈಯಲ್ಲಿ ವಾಪಸ್ ಬಂದು, ಯಾರ ಮುಖವನ್ನೂ ನೋಡದೆ, ನೀರಿನಿಂದ ಹಗ್ಗ ಎಳೆದು ಬಳೆಗೆ ಬಿಗಿದು ಕಟ್ಟಿದ. ಪೊಲೀಸರು ಬಂದಾಗ ಹಗ್ಗ ಇತ್ತು.

"ದಾಟಿ ಹೋದಳು ಸಾರ್," ಅಂದ ಚಿಕ್ಕಪ್ಪ. "ದಿನಾ ಹೇಳ್ತಿದ್ವಿ."

"ಈಗಿನವರು ಯಾರ ಮಾತು ಕೇಳ್ತಾರೆ," ಅಂದರು ಪೊಲೀಸರು. ಹಾಗೇ ಬರೆದುಕೊಂಡರು.

ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ಬೈಯಲಿಲ್ಲ. ನನ್ನ ತಲೆ ಒರೆಸುತ್ತ, "ನೋಡು ಮಗಾ, ನೀನು ಮೊದಲೇ ಮಾತಾಡೋಳಲ್ಲ. ಈಗಲೂ ಮಾತಾಡಬೇಡ," ಅಂದಳು. "ಒಣಗಿಸು ಅಂದೋಳು ನಾನು. ಬಕೆಟ್ ತಾ ಅಂದೋಳೂ ನಾನೇ. ಈ ಮನೆ ಬಾಗಿಲು ಮುಚ್ಚಿದರೆ ಮೂವರೂ ಎಲ್ಲಿಗೆ ಹೋಗೋಣ ಹೇಳು." ನಾನು ತಲೆ ಆಡಿಸಿದೆ.

ತಾಯಿ ಮೂರು ಗಂಟೆಗೆ ಬಂದರು. ಆಸ್ಪತ್ರೆಗೆ ಹೋಗಿ, ಗುರುತು ಹಿಡಿದು, ಅಲ್ಲಿಂದ ನೇರ ಬಂದಿದ್ದರು. ಸಣ್ಣಗಿನ ಹೆಂಗಸು. ಕೊಡೆ ಮಡಚಿ, ನೀರು ಒಳಗೆ ಸೋರಬಾರದು ಅಂತ ಬಾಗಿಲ ಹೊರಗೇ ಇಟ್ಟರು. ಚಿಕ್ಕಮ್ಮ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಅವರು ಲೋಟ ಹಿಡಿದುಕೊಂಡೇ ಕೂತರು. ಹಸಿರು ಚೀಲವನ್ನು ನೋಡಿ, "ಇದನ್ನ ನಾನು ಹೊರೋಕೆ ಆಗುತ್ತಾ?" ಅಂದರು, ತಮಗೇ ಅನ್ನುವ ಹಾಗೆ. "ಕತ್ತೆ ಹಾಗೆ ಹೊತ್ಕೊಂಡು ತಿರುಗ್ತೀಯಲ್ಲೇ ಅಂತ ಬೈತಿದ್ದೆ. ಕತ್ತೆ ಅಲ್ಲಮ್ಮ, ಆಮೆ, ಅಂತ ಬರೆದಿದ್ದಳು. ಇಲ್ಲಿ ಯಾರೋ ಹೆಸರಿಟ್ಟರಂತೆ."

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ತಾಯಿ ಫೋನು ತೆಗೆದು ಕನ್ನಡಕ ಹಾಕಿಕೊಂಡರು. ಮಗಳು ಕಳಿಸಿದ್ದನ್ನು ಓದಿದರು, ಶಾಲೆಯಲ್ಲಿ ಓದಿಸುವ ಹಾಗೆ, ನಿಧಾನವಾಗಿ. "'ಭಯ ಪಡಬೇಡಮ್ಮ. ಇಲ್ಲಿ ಒಂದು ಹಗ್ಗ ಕಟ್ಟಿದ್ದಾರೆ. ಹಗ್ಗದ ತನಕ ಮಾತ್ರ ಹೋಗ್ತೀನಿ. ದಾಟಲ್ಲ. ನಿನ್ನಾಣೆ.'" ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. "ನನ್ನ ಮೇಲೆ ಆಣೆ ಇಟ್ಟು ಸುಳ್ಳು ಹೇಳಿದಳು ನೋಡಿ."

"ವಯಸ್ಸು ಅಮ್ಮ, ವಯಸ್ಸು ಹಾಗೆ," ಅಂದ ಚಿಕ್ಕಪ್ಪ, ನೆಲ ನೋಡುತ್ತ.

"ಅಲ್ಲ. ಅವಳು ಹಟಮಾರಿ, ಸೋಮಾರಿ, ಎಲ್ಲ ಹೌದು. ಸುಳ್ಳು ಹೇಳ್ತಿರಲಿಲ್ಲ. ಮೂರು ದಿನದಿಂದ ಅದೊಂದೇ ನನಗೆ. ಹೋದಳು ಅನ್ನೋದಕ್ಕಿಂತ, ಯಾಕೆ ದಾಟಿದಳು ಅಂತ ಅವಳ ಮೇಲೆ ಸಿಟ್ಟೇ ಬರ್ತಿದೆ. ಆಸ್ಪತ್ರೆಯಲ್ಲಿ ಮುಖ ತೋರಿಸಿದರು. ಕೆನ್ನೆಗೆ ಬಾರಿಸೋಣ ಅನ್ನಿಸಿತು." ಅವರು ಅಳಲಿಲ್ಲ. "ಆ ಸಿಟ್ಟಲ್ಲೇ ಅವಳ ಕೆನ್ನೆ ಮುಟ್ಟದೆ ಬಂದುಬಿಟ್ಟೆ."

ನಾನು ಬಾಗಿಲ ಪಕ್ಕ ಬೂಟು ಹಿಡಿದು ನಿಂತಿದ್ದೆ. ಚಿಕ್ಕಮ್ಮ ನನ್ನ ಕಡೆ ನೋಡಿದಳು, ಒಂದೇ ಸಲ. ಕೊಟ್ಟು ಒಳಗೆ ಹೋಗು ಅನ್ನುವ ನೋಟ. ನಾನು ಹೋಗಿ ಬೂಟುಗಳನ್ನು ಅವರ ಕಾಲ ಹತ್ತಿರ ಇಟ್ಟೆ.

"ನೀನಾ ತೊಳೆದಿದ್ದು?" ಅಂದರು. "ನೀನು ಪಿಸುಮಾತು ಅಲ್ವಾ? ನಿನ್ನ ವಿಷಯನೂ ಬರೆದಿದ್ದಳು."

ಅವರ ಮುಂದೆ ನೆಲದ ಮೇಲೆ ಕೂತೆ. ಬೂಟಿನ ಅಡಿಯ ಬಿಳಿ ಕಲ್ಲನ್ನು ಬೆರಳಲ್ಲಿ ಹಿಡಿದುಕೊಂಡೆ.

"ಹಗ್ಗ ಇರಲಿಲ್ಲ," ಅಂದೆ.

"ಏನು?"

"ಏಯ್," ಅಂದ ಚಿಕ್ಕಪ್ಪ.

"ಹಗ್ಗ ಇರಲಿಲ್ಲ. ನಾನು ಬಿಚ್ಚಿದ್ದೆ. ಹೊದಿಕೆ ತೆಗೆಯೋಕೆ. ವಾಪಸ್ ಕಟ್ಟಲಿಲ್ಲ." ನನ್ನ ದನಿ ಆ ಕೋಣೆಯಲ್ಲಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. "ಅವಳು ದಾಟಲಿಲ್ಲ. ಹಗ್ಗ ಹುಡುಕ್ತಾ ಇದ್ದಳು. ನಾನು ಕಿಟಕಿಯಿಂದ ನೋಡ್ತಿದ್ದೆ. ಕೂಗಲಿಲ್ಲ. ಕೂಗೋಕೆ ಆಗಲಿಲ್ಲ. ಅವಳು ನಿಮಗೆ ಸುಳ್ಳು ಹೇಳಲಿಲ್ಲ."

ಚಿಕ್ಕಮ್ಮ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಚಿಕ್ಕಪ್ಪ ಹೊರಗೆ ಹೋಗಿ ಮಳೆಯಲ್ಲಿ ನಿಂತ, ನಮಗೆ ಬೆನ್ನು ಮಾಡಿ. ಮೇಲಿನ ಕೋಣೆಯಲ್ಲಿ ಬಕೆಟ್ಟಿಗೆ ಬೀಳುವ ಹನಿಯ ಸದ್ದು ಕೇಳುತ್ತಿತ್ತು.

ತಾಯಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ನೋಟ ತೆಗೆದು ಬೂಟುಗಳನ್ನು ಎತ್ತಿಕೊಂಡರು. ಒಂದರ ದಾರವನ್ನು ಇನ್ನೊಂದರ ದಾರಕ್ಕೆ ಗಂಟು ಹಾಕಿದರು. ಗಂಟು ಸರಿಯಾಗಲಿಲ್ಲ. ಬಿಚ್ಚಿದರು. ಮತ್ತೆ ಹಾಕತೊಡಗಿದರು.

"ಬೈಯಿರಿ ನನಗೆ," ಅಂದೆ. "ಏನಾದರೂ ಒಂದು ಮಾತು ಅನ್ನಿ."