ಹಡಗಿನ ಕರೆಗೆ ದಾರಿ

ತಮ್ಮನ ಕೈ ಸುಮ್ಮನಿರುವ ಕೈಯಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು, ಮನೆಯಲ್ಲಿ ಅಕ್ಕನ ಪಾಲಿಗೆ ತಲೆನೋವು. ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಭಾವ ಹಡಗಿನಿಂದ ಫೋನ್ ಮಾಡುವ ದಿನವೇ ಈ ಮಹಾಶಯ ಹಳೆಯ ರೌಟರ್ ಕಿತ್ತು ಹೊಸದನ್ನು ಕೂರಿಸಿದ.

ಭಾವ ಹಡಗಿನ ಎಂಜಿನ್ ಮೆಕ್ಯಾನಿಕ್. ಇನ್ನೊಂದು ವರ್ಷ ಅಲ್ಲೇ ದುಡಿಯುವುದಾದರೆ ಇವತ್ತು ಸಂಜೆಯೊಳಗೆ ಸಹಿ ಹಾಕಬೇಕು. ಹೆಂಡತಿ ಬನ್ನಿ ಎಂದರೆ ಹಾಕುವುದಿಲ್ಲ. ಹಡಗಿನ ಇಂಟರ್ನೆಟ್ಟೋ ಮಹಾ ಜಿಪುಣ, ಮೊದಲೇ ಬರೆಸಿಟ್ಟ ಒಂದು ಇಂಟರ್ನೆಟ್ ವಿಳಾಸಕ್ಕೆ ಮಾತ್ರ ಕರೆ ಬಿಡುತ್ತದೆ. ಅದಕ್ಕೆಂದೇ ಮನೆಗೆ ಇಂಟರ್ನೆಟ್ ಕಂಪನಿಯಿಂದ ಸಾರ್ವಜನಿಕ ವಿಳಾಸಗಳ ಒಂದು ಪುಟ್ಟ ಗೊಂಚಲು ತೆಗೆದುಕೊಂಡಿದ್ದರು. ಎಂಟು ಎಂದು ಹೆಸರು, ಮೂರು ಜಾಲದ ಕೆಲಸಕ್ಕೇ ಹೋಗಿ ಬಳಸಲು ಸಿಗುವುದು ಐದು. ಅದರಲ್ಲೊಂದು ಅಕ್ಕನ ಹೊಲಿಗೆ ಮೇಜಿನ ಮೇಲಿನ ಫೋನಿನದು. ಹೊಸ ರೌಟರಿಗೆ ತಮ್ಮ ಇನ್ನೂ ಯಾರೂ ಮುಟ್ಟದ ಒಂದನ್ನು ಕೊಟ್ಟ, ಫೋನಿನದನ್ನು ಇದ್ದಂತೆಯೇ ಇಟ್ಟ.

ದೀಪಗಳೆಲ್ಲ ಹಸಿರು. ಇಂಟರ್ನೆಟ್ ಓಡುತ್ತಿದೆ. ಫೋನ್ ಮಾತ್ರ ಹೆಣ.

ರೌಟರಿನಲ್ಲಿ ಬರೆದದ್ದೆಲ್ಲ ಸರಿಯಾಗಿಯೇ ಇತ್ತು, ಆದರೆ ಗಾಬರಿಬಿದ್ದವನಿಗೆ ಸರಿಯಾದದ್ದೂ ತಪ್ಪಾಗಿ ಕಾಣುತ್ತದೆ. ಒಂದನ್ನು ಬದಲಾಯಿಸಿದ, ಆರಿಸಿ ಹಚ್ಚಿದ, ಇನ್ನೊಂದನ್ನು ಅಳಿಸಿದ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಅಕ್ಕ ಬಾಗಿಲಿಗೆ ಬಂದಳು.

"ಬೆಳಿಗ್ಗೆ ಚೆನ್ನಾಗೇ ಇತ್ತಲ್ಲೋ. ಯಾಕೆ ಮುಟ್ಟಿದೆ?"

"ಹಳೇದು ಬಿಸಿ ಆಗ್ತಿತ್ತು ಅಕ್ಕ."

"ತಂದ ದಿನದಿಂದ ಬಿಸಿ ಆಗ್ತಿದೆ. ಇವತ್ತೇ ಕಾಣಿಸ್ತಾ ನಿನಗೆ?"

ತಮ್ಮ ಮತ್ತೊಮ್ಮೆ ತಂತಿ ಕಿತ್ತು ಚುಚ್ಚಿದ. ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ ಎರಡು ದಿನಕ್ಕೆಂದು ಬಂದವನು ಭಾವನ ಕೋಣೆಯಲ್ಲಿ ಠಿಕಾಣಿ ಹೂಡಿಬಿಟ್ಟಿದ್ದ. ಭಾವ ಬಂದರೆ ಇವನೆಲ್ಲಿಗೆ ಹೋಗಬೇಕು? ಒಂದು ವಾರದಿಂದ ಇದೇ ಯೋಚನೆ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಬೇಕೆಂದೇ ಕೆಡಿಸಲಿಲ್ಲ ಎಂದು ಆಣೆ ಇಡಲು ಹೊರಟ, ತನಗೇ ಖಾತ್ರಿಯಾಗಲಿಲ್ಲ.

"ಅವ್ರು ಬರೋದು ನಿನಗೆ ಬೇಡ್ವೇನೋ?" ಅಕ್ಕ ಮೆಲ್ಲಗೆ ಕೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬೇಕು ಅಕ್ಕ. ಭಯ ಆಗ್ತಿದೆ, ಅಷ್ಟೇ."

ಅಕ್ಕ ಫೋನಿನ ಪಕ್ಕ ಹೋಗಿ ಕೂತಳು. ಕಿಟಕಿಯ ಬಿಸಿಲು ಎದುರಿನ ಗೋಡೆ ಹತ್ತಿತ್ತು. ಆಗ ತಮ್ಮ ಮೊದಲ ಬಾರಿಗೆ ಕೈ ಕಟ್ಟಿಕೊಂಡು ಯೋಚಿಸಿದ. ತಪ್ಪು ಮನೆಯೊಳಗಿಲ್ಲ, ಹೊರಗಿದೆ. ಪ್ರತಿ ರೌಟರಿಗೂ ಹುಟ್ಟಿನಿಂದ ಬಂದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಫೋನಿನ ವಿಳಾಸಕ್ಕೆ ಬಂದದ್ದನ್ನೆಲ್ಲ ಹಳೆಯ ರೌಟರಿನ ಸಂಖ್ಯೆಗೇ ಕೊಟ್ಟು ರೂಢಿಯಾದ ಕಂಪನಿಯ ಯಂತ್ರ ಈಗಲೂ ಅದಕ್ಕೇ ಕೊಡುತ್ತಿದೆ. ಹೊಸ ವಿಳಾಸಕ್ಕೆ ಆ ರೂಢಿಯಿಲ್ಲ, ಅದಕ್ಕೇ ಇಂಟರ್ನೆಟ್ ಓಡುತ್ತಿದೆ. ಹಳೆಯ ರೌಟರೋ ಮಂಚದ ಕೆಳಗೆ ಅಂಗಾತ ಬಿದ್ದಿದೆ!

ಛೆ, ಮಕ್ಕಳಿಗೆ ಪಾಠ ಬೇರೆ ಹೇಳುತ್ತೀನಿ ಎಂದು ಹಣೆ ಚಚ್ಚಿಕೊಂಡ. ಕೆಡಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿ, ಹಳೆಯದರ ಬೆನ್ನಿನ ಮೇಲಿದ್ದ ಸಂಖ್ಯೆಯನ್ನೇ ಹೊಸದಕ್ಕೆ ಬರೆದ. ಫೋನಿನ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಗಂಟೆಯೂ ಹೊಡೆಯಿತು.

"ರೀ, ಸಹಿ ಹಾಕಬೇಡಿ. ಬಂದ್ಬಿಡಿ," ಎಂದಳು ಅಕ್ಕ. ಆಮೇಲೆ ಬಹಳ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡಳು. ತಮ್ಮ ಎದ್ದು ತನ್ನ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದ.

"ಯಾಕೆ ಹೋಗ್ತಾನೆ? ಇಲ್ಲೇ ಇರ್ತಾನೆ, ಮೂವರಿಗೆ ಜಾಗ ಇಲ್ವಾ?" ಅಕ್ಕನ ದನಿ ಕೋಣೆಗೆ ಬಂತು. "ನಿಮ್ಮ ಫೋನ್ ಸಿಗಲಿ ಅಂತ ಪಾಪ, ಆಗ್ಲಿಂದ ಒದ್ದಾಡಿದಾನೆ."

ತಮ್ಮ ಚೀಲ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ.