ದಾಲ್ಚಿನ್ನಿ ಪುಡಿಯ ರ

ನಿಂಬೆಸಿಪ್ಪೆ ಅನ್ನದ ಮೇಲೆ ಬಂತು, ಮುಳುಗಿತು, ಮತ್ತೆ ಬಂತು, ಹಳದಿ ಕಿವಿಯ ಹಾಗೆ — ಕೇಳಿಸಿಕೊಳ್ಳುತ್ತಿದೆಯಾ ಏನು, ಕೇಳಿಸಿಕೊಳ್ಳಲಿ, ಬೆಳಗ್ಗಿನಿಂದ ಈ ಮನೆಯಲ್ಲಿ ಸದ್ದು ಮಾಡಿದ್ದು ಫ್ರಿಜ್ ಒಂದೇ, ಮತ್ತೆ ಹಿಂದಿನ ಗೋದಾಮಿನ ಲಾರಿ, ರಿವರ್ಸ್ ತೆಗೆಯುವಾಗ ಪೀಂ ಪೀಂ ಪೀಂ, ಮೆಲ್ಬರ್ನಿನ ಅಂಚಿನ ಈ ಟ್ರುಗನಿನಾದಲ್ಲಿ ಲಾರಿಗಳಿಗೆ ಭಾನುವಾರವೂ ರಜೆಯಿಲ್ಲ — ರೊವೀನಾ ಸೌಟು ತಿರುಗಿಸುತ್ತಾಳೆ, ಒಂದೇ ದಿಕ್ಕಿಗೆ, ದಿಕ್ಕು ಬದಲಿಸಿದರೆ ಅನ್ನ ಮುನಿಸಿಕೊಳ್ಳುತ್ತದೆ, ಹಾಗೆ ಹೇಳಿಕೊಟ್ಟವರು ಡೋನಾ ಲುರ್ದೆಸ್, ಸಿಡ್ನಿಯ ಪೀಟರ್‌ಶಮ್‌ನಲ್ಲಿ ಮೂರು ವರ್ಷ ಅವಳು ಬಾಡಿಗೆಗಿದ್ದ ಹಿಂಭಾಗದ ಕೋಣೆಯ ಒಡತಿ, ಎಪ್ಪತ್ತೆಂಟು ವರ್ಷದ ಪೋರ್ಚುಗೀಸ್ ಹೆಂಗಸು, ಮೊದಲ ದಿನ ಚಳಿಗೆ ನಡುಗುತ್ತ ಜನೆಲಾ, ಜನೆಲಾ ಎಂದಾಗ ರೊವೀನಾ ಎದ್ದು ಹೋಗಿ ಕಿಟಕಿ ಮುಚ್ಚಿದ್ದಳು, ಮಂಗಳೂರಿನ ಮನೆಯ ಕೊಂಕಣಿಯಲ್ಲೂ ಅದು ಜನೆಲ್ ತಾನೇ, ಮುದುಕಿ ಬಾಯಿ ತೆರೆದು ನೋಡಿದ್ದೇ ನೋಡಿದ್ದು, ಬಾ ಇಲ್ಲಿ, ನಿನಗೆ ಅಡುಗೆ ಬರುತ್ತದಾ, ಬರುವುದಿಲ್ಲವಾ, ಒಳ್ಳೆಯದಾಯಿತು, ತಪ್ಪು ಕಲಿತವರಿಗೆ ಕಲಿಸುವುದು ಕಷ್ಟ. ಹಾಗೆ ಕಲಿತದ್ದು ಈ ಅರೋಜ್ ದೋಸ್, ಅಂದರೆ ಸಿಹಿ ಅನ್ನ, ಅಕ್ಕಿ, ಹಾಲು, ಸಕ್ಕರೆ, ನಿಂಬೆಸಿಪ್ಪೆ, ಮೊಟ್ಟೆಯ ಹಳದಿ, ಇಷ್ಟೇ — ಹೋದ ತಿಂಗಳು, ಇಲ್ಲಿ ಪರಿಚಯವಾದ ಮಂಗಳೂರಿನವಳೇ ಯುಜಿನಿಯಾ, ಕುತ್ತಿಗೆ ಚಾಚಿ ಪಾತ್ರೆಗೆ ಇಣುಕಿದವಳು, ಇದು ನಮ್ಮ ಪಾಯ್ಸವೇ ಅಲ್ಲವಾ ಮಾರಾಯ್ತಿ, ತೆಂಗಿನಹಾಲು ಹಾಕ್ಲಿಕ್ಕೆ ಮರ್ತಿದ್ದಿ ಅಷ್ಟೆ, ಅವಳ ಗಂಡ ಕಾನ್ರಾಡ್ ನಿಂತಲ್ಲೇ ಎರಡು ಚಮಚ ತಿಂದು, ಪಾಯ್ಸವೋ ಎಂತದೋ, ಒಂದು ಸಲ ಸರಿಯಾಗಿ ಕೂರಿಸಿ ಬಡಿಸು ನೋಡುವ. ಸರಿ, ಭಾನುವಾರ ನಾಲ್ಕು ಗಂಟೆಗೆ ಬನ್ನಿ ಎಂದಿದ್ದಳು. ಆಫೀಸಿನ ಶೈಲಶ್ರೀಗೂ ಹೇಳಿದ್ದಳು, ಧಾರವಾಡದವಳು, ಕ್ರಾನ್‌ಬರ್ನ್‌ನಲ್ಲಿ ಮನೆ, ಬರ್ತೇನ್ರಿ, ಸಿಹಿ ಅಂದ್ರ ಬಿಡತೇನೇನ್ರಿ ನಾ. ಮೂರು ಜನ, ಮೆಲ್ಬರ್ನ್‌ಗೆ ಬಂದು ಐದು ತಿಂಗಳಲ್ಲಿ ಮೊದಲ ಸಲ ಈ ಮೇಜಿಗೆ ಮೂರು ಜನ, ಕುರ್ಚಿ ಮೂರೇ ಇರುವುದು, ತಾನು ನಿಂತೇ ಬಡಿಸಿದರಾಯಿತು. ಈಗ ಮೂರೂವರೆ.

ಹಳದಿಯನ್ನು ಬಿಸಿ ಹಾಲಿಗೆ ಸೀದಾ ಸುರಿಯಬೇಡ, ಹೆದರಿ ಗಂಟು ಕಟ್ಟಿಕೊಳ್ಳುತ್ತದೆ, ಒಂದು ಸೌಟು ಬಿಸಿ ಅನ್ನವನ್ನೇ ಹಳದಿಯ ಬಟ್ಟಲಿಗೆ ತಾ, ಮೊದಲು ಪರಿಚಯ ಮಾಡಿಸು, ಇಬ್ಬರೂ ಹೊಸಬರು — ಲುರ್ದೆಸ್ ನಗುತ್ತಲೇ ಇರಲಿಲ್ಲ ಇಂಥದ್ದನ್ನು ಹೇಳುವಾಗ, ರೊವೀನಾ ಒಂದು ಸೌಟು ತರುತ್ತಾಳೆ, ಕದಡುತ್ತಾಳೆ, ಇನ್ನೊಂದು, ಬಣ್ಣ ತಿಳಿಯಾಯಿತು, ಪಾತ್ರೆಗೆ ಹಿಂದಿರುಗಿತು, ಗಂಟಿಲ್ಲ, ಒಂದೇ ಒಂದು ಗಂಟೂ ಇಲ್ಲ, ನೋಡಲು ಯಾರಾದರೂ ಪಕ್ಕದಲ್ಲಿರಬೇಕಿತ್ತು. ಮೂರು ಅಗಲ ತಟ್ಟೆಗೆ ಸುರಿದಳು. ಇನ್ನು ಕಾಯಬೇಕು, ಮೇಲೆ ತೆಳ್ಳಗೆ ಪದರ ಕಟ್ಟುವ ತನಕ, ಆಮೇಲೆ ದಾಲ್ಚಿನ್ನಿ ಪುಡಿಯನ್ನು ಎರಡೇ ಬೆರಳಿನಲ್ಲಿ ಹಿಡಿದು, ರಂಗೋಲಿಯ ಹಾಗೆ ಬಿಡುತ್ತ, ತಿನ್ನುವವರ ಹೆಸರಿನ ಮೊದಲ ಅಕ್ಷರ ಬರೆಯಬೇಕು, ಲುರ್ದೆಸ್ ಮನೆಯ ನೇಮ ಅದು, ಅಕ್ಷರ ಯಾರದೋ ತಟ್ಟೆ ಅವರದೇ, ಬೇರೆಯವರು ಚಮಚ ಇಡುವ ಹಾಗಿಲ್ಲ. ಕಾಯುವುದೇ ರೊವೀನಾಗೆ ಆಗದ ಕೆಲಸ, ಮೂರು ವರ್ಷವೂ ಆಗಲಿಲ್ಲ, ಬಿಸಿಯಿರುವಾಗಲೇ ಬರೆದುಬಿಡುತ್ತಿದ್ದಳು, ಅಕ್ಷರ ಒದ್ದೆಯಾಗಿ ಹರಡಿ, ಇದೆಂಥದ್ದು, ಹೆಸರೋ ಗಾಯವೋ, ಎನ್ನುತ್ತಿದ್ದರು — ಈಗಲೂ ಬೆರಳು ಡಬ್ಬಿಯಲ್ಲಿದೆ, ಯು ಬರೆದಾಯಿತು, ಕಾ ಬರೆದಾಯಿತು, ಶೈ ಎಷ್ಟು ಕಷ್ಟ, ಆ ಐತ್ವದ ಸುಳಿ, ಅಷ್ಟರಲ್ಲಿ ಯು ಆಗಲೇ ಕಂದಿ ಹರಡುತ್ತಿದೆ, ಥೂ. ಫೋನು ಗುಂಯ್ ಎಂದಿತು. ಶೈಲಶ್ರೀ. ಸಾರಿ ರೀ ರೊವೀನಾ, ಮಗನ ಸ್ವಿಮ್ಮಿಂಗ್ ಕ್ಲಾಸ್ ಇವತ್ತಿಗೆ ಬದ್ಲಿ ಮಾಡ್ಯಾರ, ಅಲ್ಲಿಂದ ನಿಮ್ಮ ಕಡೆ ಒಂದೂವರಿ ತಾಸು ಡ್ರೈವ್ ಆಗತೈತಿ, ಮುಂದಿನ ವಾರ ಪಕ್ಕಾ. ಅಡ್ಡಿಯಿಲ್ಲ ಅಂತ ಟೈಪ್ ಮಾಡಿದಳು, ನಗುವ ಮುಖ ಹಾಕಿದಳು, ಎರಡು ಹಾಕಿದಳು. ನಾಲ್ಕು ಗಂಟೆ. ನಾಲ್ಕು ಹತ್ತು. ಯುಜಿನಿಯಾಗೆ ತಾನೇ ಫೋನ್ ಮಾಡಿದಳು, ಅತ್ತ ಕಡೆ ಗದ್ದಲ, ಬೈಲಾ ಹಾಡು, ಯಾರೋ ಮೈಕಿನಲ್ಲಿ ಒಂದು ಎರಡು ಮೂರು ಎನ್ನುತ್ತಿದ್ದಾರೆ — ಅಯ್ಯೋ ದೇವಾ, ಇವತ್ತಾ, ನಾನು ಮರ್ತೇ ಹೋದೆ ಮಾರಾಯ್ತಿ, ಕ್ರೇಗಿಬರ್ನ್‌ನಲ್ಲಿದ್ದೇವೆ, ಡಿಕ್ಸನನ ಮಗುವಿನ ನಾಮಕರಣ, ಹಾಲ್ ತುಂಬಾ ನಮ್ಮವರೇ, ನೀನೆಂತ ಬರ್ಲಿಲ್ಲ, ನಿನ್ಗೆ ಹೇಳ್ಲಿಲ್ವಾ ಅವ್ರು? — ಆಮೇಲೆ ಒಂದು ಕ್ಷಣ ಬರೀ ಹಾಡು — ಹೋಗ್ಲಿ ಬಿಡು, ನಮ್ಮ ಪಾಲು ಫ್ರಿಜ್‌ನಲ್ಲಿ ಇಟ್ಟಿರು, ನೋಡುವ. ನೋಡುವ ಅಂದರೆ ಬರುವುದಿಲ್ಲ, ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ, ಅದನ್ನು ರೊವೀನಾಗೆ ಯಾರೂ ವಿವರಿಸಬೇಕಾಗಿಲ್ಲ, ಹೋದ ಕ್ರಿಸ್ಮಸ್ಸಿಗೆ ತಾನೂ ಅದನ್ನೇ ಹೇಳಿದ್ದಲ್ಲವೇ, ನೋಡುವ ಡೋನಾ, ಆದರೆ ಬರುತ್ತೇನೆ. ಪಾಪ, ಅವರಿಗೇನು ಗೊತ್ತು ಮಂಗಳೂರಿನ ನೋಡುವ, ಅವರು ತಟ್ಟೆ ಇಟ್ಟರು.

ಆ ತಟ್ಟೆ. ನೀಲಿ ಅಂಚಿನದು. ಕ್ರಿಸ್ಮಸ್ಸಿಗೆ ವಾರ ಮೊದಲು ಲುರ್ದೆಸ್ ಕನ್ನಡಕ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತು, ನಿನ್ನ ಊರಿನ ಶಾಲೆಯಲ್ಲಿ ನಿನ್ನ ಹೆಸರು ಹೇಗೆ ಬರೆಯುತ್ತಾರೆ ಎಂದು ಕೇಳಿದ್ದರು, ಇವಳು ರಸೀದಿಯ ಹಿಂದೆ ರ ಬರೆದು ತೋರಿಸಿದಳು, ಬಸವನಹುಳ ಅಲ್ಲವಾ ಇದು, ಟೋಪಿ ಹಾಕಿದ ಬಸವನಹುಳ, ಎಂದು ಬೆರಳಿನಲ್ಲಿ ಮೇಜಿನ ಮೇಲೆ ತೀಡಿದ್ದರು, ಸುತ್ತು ಸರಿ, ಮೇಲಿನ ತಲೆಕಟ್ಟು ಸೊಟ್ಟ, ಮತ್ತೆ, ಮತ್ತೆ. ಇಸ್ಪೀಟಿನ ಇಬ್ಬರು ಗೆಳತಿಯರಿಗೂ ಹೇಳಿಟ್ಟಿದ್ದರಂತೆ, ಈ ಸಲ ನಾನು ಇಂಡಿಯಾದ ಅಕ್ಷರ ಬರೆಯುತ್ತೇನೆ, ನೋಡಿ. ಕ್ರಿಸ್ಮಸ್ ದಿನ ರೊವೀನಾ ಸಿಡ್ನಿಯ ಇನ್ನೊಂದು ಮೂಲೆಗೆ, ಬ್ಲ್ಯಾಕ್‌ಟೌನ್‌ಗೆ ಹೋದಳು. ಮಂಗಳೂರಿನ ನಮ್ಮವರು ಕರೆದಿದ್ದರು, ಮೊದಲ ಸಲ ಕರೆದಿದ್ದರು, ಇಡ್ಲಿಯಂಥ ಸಾನ್ನ ಇತ್ತು, ಬೈಲಾ ಇತ್ತು, ಯಾರ ಮಗಳು ನೀನು ಎಂದು ಹತ್ತು ಜನ ಕೇಳಿದರು, ಹನ್ನೊಂದನೆಯವರು ಕೇಳುವಷ್ಟರಲ್ಲಿ ಮೊದಲನೆಯವರು ಮರೆತಿದ್ದರು. ಮರುದಿನ ಮಧ್ಯಾಹ್ನ ಬಂದು ಫ್ರಿಜ್ ತೆರೆದರೆ ಹಾಲಿನ ಬಾಟಲಿಯ ಹಿಂದೆ, ಪ್ಲಾಸ್ಟಿಕ್ ಹಾಳೆಯ ಕೆಳಗೆ, ರ. ಲುರ್ದೆಸ್ ಏನೂ ಕೇಳಲಿಲ್ಲ, ಕೇಳಿದ್ದರೆ ಒಳ್ಳೆಯದಿತ್ತು, ಬೈದಿದ್ದರೆ ಕೂತು ತಿಂದುಬಿಡುತ್ತಿದ್ದಳು. ನಾಳೆ ತಿನ್ನುತ್ತೇನೆ ಎಂದುಕೊಂಡಳು. ದಿನಾ ಹಾಲಿಗೆ ಕೈಹಾಕಿದಾಗ ಅದು ಅಲ್ಲೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಐದನೆಯ ದಿನ ಅಂಚು ಒಣಗಿ ಬಿರಿದಿತ್ತು, ಅವರು ಪೂಜೆಗೆಂದು ಇಗರ್ಜಿಗೆ ಹೋದಾಗ ಕೆರೆದು ಬಿನ್ನಿಗೆ ಹಾಕಿದಳು, ಮೇಲೆ ಪೇಪರ್ ಮುಚ್ಚಿದಳು, ತಟ್ಟೆ ತೊಳೆದಿಟ್ಟಳು, ಬಂದವರು ತಟ್ಟೆ ನೋಡಿ, ತಿಂದೆಯಾ? ತಿಂದೆ ಡೋನಾ, ತುಂಬಾ ಚೆನ್ನಾಗಿತ್ತು. ಜನವರಿಯಲ್ಲಿ ಇಲ್ಲಿ ಕೆಲಸ ಸಿಕ್ಕಿತು, ಎರಡು ಸೂಟ್‌ಕೇಸು, ಫೋನ್ ಮಾಡುತ್ತೇನೆ ಎಂದಳು, ಮಾಡಲಿಲ್ಲ, ಮಾಡಿದರೆ ಮೊದಲು ಆ ತಟ್ಟೆಯ ಮಾತನ್ನೇ ಆಡಬೇಕಲ್ಲ — ಫೆಬ್ರುವರಿ, ಮಾರ್ಚ್, ತಪ್ಪಾಯಿತು ಎನ್ನುವುದು ಒಂದೇ ಮಾತು, ಅದು ತಿಂಗಳು ತಿಂಗಳು ದಪ್ಪವಾಗುತ್ತ ಹೋಯಿತು, ಈಗ ಬಾಯಿಯಲ್ಲೇ ಹಿಡಿಸುವುದಿಲ್ಲ. ಮೂರು ತಟ್ಟೆ ಮೇಜಿನ ಮೇಲಿವೆ. ಯು ಪೂರ್ತಿ ಹರಡಿ ಕಂದು ಕಲೆಯಾಗಿದೆ. ಬೆರಳು ಫೋನಿನ ಮೇಲಿದೆ, ಲುರ್ದೆಸ್, ಸಿಡ್ನಿ, ರಿಂಗಾಗುತ್ತಿದೆ, ಎತ್ತದಿರಲಿ, ಎತ್ತಲಿ, ಎತ್ತದಿರಲಿ —

ಯಾರು? ರೊವೀನಾ, ಡೋನಾ. ಆ ಕಡೆ ಟೀವಿಯ ಸದ್ದು ಸಣ್ಣದಾಯಿತು. ಹ್ಞೂಂ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಹೊರಬಂದದ್ದು, ಪದರ ಕಟ್ಟಲು ಎಷ್ಟು ಹೊತ್ತು ಬಿಡಬೇಕು ಡೋನಾ, ನನ್ನದು ಹರಡಿಹೋಯಿತು. ಇಪ್ಪತ್ತು ನಿಮಿಷ, ಮೂರು ವರ್ಷ ಹೇಳಿದ್ದೇನೆ, ಯಾರಿಗೆ ಮಾಡಿದೆ? ಸ್ನೇಹಿತರಿಗೆ, ಮೂರು ಜನ. ಬಂದಿದ್ದಾರಾ? ಬಂದಿದ್ದಾರೆ, ತಿನ್ನುತ್ತಿದ್ದಾರೆ. ಚಮಚದ ಸದ್ದೇ ಇಲ್ಲವಲ್ಲ. ಹಿಂದೆ ಲಾರಿ ಪೀಂ ಪೀಂ ಎಂದಿತು, ಅದಾದರೂ ಸದ್ದು ಮಾಡಿತಲ್ಲ. ನಿನ್ನ ಕೋಣೆಗೆ ನೇಪಾಳದ ನರ್ಸ್ ಬಂದಿದ್ದಾಳೆ, ಒಳ್ಳೆಯವಳು, ಸಿಹಿ ಮುಟ್ಟುವುದಿಲ್ಲ, ಶುಗರ್ ಇಲ್ಲದೆಯೇ ಶುಗರಿಗೆ ಹೆದರುತ್ತಾಳೆ. ಇಬ್ಬರೂ ಸ್ವಲ್ಪ ನಕ್ಕರು, ಹಳೆಯ ಹಾಗೇ, ಈಗ ಹೇಳಬಹುದು, ಈಗಲೇ — ಡೋನಾ, ಆ ಕ್ರಿಸ್ಮಸ್ ತಟ್ಟೆ. ಗೊತ್ತು, ಬಿನ್ನಿನಲ್ಲಿ ನೋಡಿದೆ. ಟೀವಿ ಈಗ ಪೂರ್ತಿ ನಿಂತಿತ್ತು. ಮೇಲಿನ ಆ ಗೆರೆ, ಟೋಪಿ, ನನಗೆ ಸರಿ ಬರಲೇ ಇಲ್ಲ, ಎಷ್ಟು ಸಲ ಬರೆದೆ, ಕೈ ನಡುಗುತ್ತದಲ್ಲ, ನಿನ್ನ ಹೆಸರು ಕೆಡಿಸಿಬಿಟ್ಟೆ ಅಂತಲೇ ನೀನು ತಿನ್ನಲಿಲ್ಲ, ಹೇಳಲು ನಾಚಿಕೆಪಟ್ಟೆ, ಅಂದುಕೊಂಡೆ. ಅಲ್ಲ ಡೋನಾ, ಅಲ್ಲ. ಇರಲಿ, ಸೂಪು ಉಕ್ಕುತ್ತಿದೆ, ಬಂದವರನ್ನು ನೋಡಿಕೋ, ನಿನಗೂ ಒಂದು ತಟ್ಟೆ ಹಾಕಿಕೊಂಡೆ ತಾನೇ? ಹಾಕಿಕೊಂಡೆ. ಫೋನು ಇಟ್ಟರು. ಹಾಕಿಕೊಂಡಿರಲಿಲ್ಲ, ನಾಲ್ಕನೆಯ ತಟ್ಟೆ ತೆಗೆದೇ ಇರಲಿಲ್ಲ, ಪಾತ್ರೆಯ ತಳದಲ್ಲಿ ಒಂದು ಸೌಟು ಉಳಿದಿತ್ತು, ಅದನ್ನು ಕೆರೆದು ಸುರಿದಳು, ಗೋಡೆಯ ಗಡಿಯಾರ ನೋಡಿದಳು, ಐದು ನಿಮಿಷ, ಹತ್ತು, ಮೊದಲ ಸಲ ಕಾಯುತ್ತಿದ್ದಾಳೆ, ಹೊರಗೆ ಬಿಸಿಲು ಗೋದಾಮಿನ ತಗಡಿನ ಮೇಲೆ ಇಳಿಯುತ್ತಿದೆ, ಹದಿನೈದು, ಪದರ ಸುಕ್ಕು ಕಟ್ಟುತ್ತಿದೆ, ಇಪ್ಪತ್ತು, ಎರಡು ಬೆರಳಿನ ನಡುವೆ ದಾಲ್ಚಿನ್ನಿ ಪುಡಿ, ಕೈ ತಟ್ಟೆಯ ಮೇಲೆ, ಸುತ್ತು ಬಂತು, ಇನ್ನು ತಲೆಕಟ್ಟು, ಒಂದನೇ ಕ್ಲಾಸಿನಿಂದ ಬರೆದ ಅಕ್ಷರ, ಕೈ ಮುಂದೆ ಹೋಗುವುದಿಲ್ಲ — ಅವರದು ಸೊಟ್ಟಗಿತ್ತು, ಹೌದು, ಬಲಕ್ಕೆ ವಾಲಿತ್ತು, ಕೊನೆಯಲ್ಲಿ ನಡುಗಿತ್ತು, ಆದರೂ ರ ಅದು, ನೋಡಿದ ಕೂಡಲೇ ಗೊತ್ತಾಗಿತ್ತು, ಫ್ರಿಜ್ಜಿನ ಬಾಗಿಲು ತೆರೆದ ಕೂಡಲೇ, ಹಾಲಿನ ಬಾಟಲಿಯ ಹಿಂದೆ, ಪ್ಲಾಸ್ಟಿಕ್ ಹಾಳೆಯ ಕೆಳಗೆ, ಬಿಳಿ ಬೆಳಕಿನಲ್ಲಿ, ಟೋಪಿ ವಾಲಿದ ರ